ಕೆಂಪು ಬಣ್ಣದ ಮೂಲ

ಕಳೆದ ವರ್ಷ ಮಕ್ಕಳ ದಿನಾಚರಣೆಯಂದು ನಾವು ಪೊಟ್ಟಣದ ಕೆಂಪು ಮಿಠಾಯಿಯನ್ನು ಹಂಚುತ್ತಿದ್ದಾಗ ಮುಸಲ್ಮಾನ ವಿದ್ಯಾರ್ಥಿನಿಯೊಬ್ಬಳು, "ಗುರುಗಳೇ, ಇದರ ಬಣ್ಣ ಹಲಾಲ್ ಹೌದೇ?" ಎಂದು ಕೇಳಿದಳು. ಹಲಾಲ್ ಎಂದರೆ ಇಸ್ಲಾಂ ಧರ್ಮಕ್ಕೆ ಸಮ್ಮತವಾದುದು. "ಬಣ್ಣದಲ್ಲೇನಿದೆ? ತಿನ್ನು" ಎಂದುಬಿಟ್ಟೆವು. ಬಾಲಕಿಯು ತಿನ್ನಲಿಲ್ಲ.

ಬಣ್ಣದಲ್ಲಿಯೂ ವಿಚಾರಿಸತಕ್ಕುದಿದೆ. ಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಕೀಟಗಳನ್ನು ಒಣಗಿಸಿ ತಯಾರಿಸುವರು. ಪೆರು ದೇಶದಲ್ಲಿ ಇದರ ಉತ್ಪಾದನೆ ಅಧಿಕ. ಪೊಟ್ಟಣದ ಮೇಲೆ ಇದರ ಸಂಖ್ಯೆ 120. ಇಂಡೊನೇಷಿಯಾದ ಉಲೇಮಾ ಮಂಡಳಿಯು 2011ರಲ್ಲಿ ಇದನ್ನು ಹಲಾಲೆಂದು ಸಾರಿತು. ಹನಫೀ ಪಂಥದ ಬಹುಮಂದಿ ವಿದ್ವಾಂಸರಾದರೋ ಕೀಟಜನ್ಯವೆಂದು ಒಪ್ಪುವುದಿಲ್ಲ. ಶಾಕಾಹಾರಿಗಳಾದ ಸಹಪಾಠಿಗಳಿಗೂ ಈ ಪ್ರಶ್ನೆ ಸಲ್ಲುತ್ತದೆ.

ಆದರೆ ಹೆಸರಿನ ಹೋಲಿಕೆಯಿಂದ ಮೋಸಹೋಗಬಾರದು. ಕಾರ್ಮೊಯಿಸಿನ್ (122), ಇಂಡಿಗೊ ಕಾರ್ಮೈನ್ (132) ಇವೆರಡೂ ಕೃತಕ ಬಣ್ಣಗಳು, ಕೀಟದಿಂದ ಬಂದವಲ್ಲ.

ಸಂಜೆ ಪೊಟ್ಟಣವನ್ನು ನೋಡಿದೆವು, ಅದರಲ್ಲಿದ್ದುದು 122. ಆದರೂ ಬಾಲಕಿಯ ಪ್ರಶ್ನೆಯೇ ಸರಿ, ನೋಡದೆ ಕೊಟ್ಟ ನಮ್ಮ ಉತ್ತರವೇ ತಪ್ಪು. ಮರುದಿನ ತರಗತಿಯಲ್ಲಿ ಎಲ್ಲರೆದುರು ಅದನ್ನು ಒಪ್ಪಿಕೊಂಡೆವು.

ವಿದ್ಯಾರ್ಥಿಗಳೇ, ತಿನ್ನುವ ಮೊದಲು ಸಂಖ್ಯೆಯನ್ನು ಓದಿರಿ. ಸಂಶಯವುಳಿದರೆ ಮನೆಯ ಹಿರಿಯರನ್ನು ಕೇಳಿರಿ. ಕೇಳುವ ಗೆಳೆಯರನ್ನು ಎಂದಿಗೂ ಹಾಸ್ಯ ಮಾಡದಿರಿ.