ಬ್ಯಾಕ್ಟೀರಿಯಕ್ಕೆ ದಾರಿ ತಿಳಿಯುವುದೆಂತು?

ಧಾರವಾಡದ ಎರೆಹೊಲದಲ್ಲಿ ಹಿಂಗಾರಿ ಕಡಲೆಯ ಗಿಡವೊಂದನ್ನು ಮೆಲ್ಲನೆ ಅಗೆದು ನೋಡಿರಿ. ಬೇರುಗಳಲ್ಲಿ ಸಣ್ಣ ಗಂಟುಗಳು ಕಾಣಿಸುವವು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಗಳ ವಾಸಸ್ಥಾನಗಳಿವು. ಬೇರು ಮಣ್ಣಿಗೆ ಸ್ರವಿಸುವ ರಾಸಾಯನಿಕಗಳೇ ಅವುಗಳಿಗೆ ಆಹ್ವಾನ. ಆದರೆ ಕಣ್ಣು ಮೂಗುಗಳಿಲ್ಲದ ಜೀವಿಗೆ ದಿಕ್ಕು ತಿಳಿಯುವುದೆಂತು?

ನಮ್ಮ ಕರುಳಿನ ನಿವಾಸಿಯಾದ ಎಷೆರಿಕಿಯ ಕೋಲಿಯಲ್ಲಿ ಇದರ ಮರ್ಮವು ಚೆನ್ನಾಗಿ ತಿಳಿದುಬಂದಿದೆ. ಅದರ ಉದ್ದ ಮಿಲಿಮೀಟರಿನ ಸುಮಾರು 500ನೆಯ ಒಂದು ಪಾಲು. ಇಷ್ಟು ಗಿಡ್ಡ ದೇಹದ ಎರಡು ತುದಿಗಳ ನಡುವೆ ಸಾಂದ್ರತೆಯ ವ್ಯತ್ಯಾಸವು ಅತ್ಯಲ್ಪ. ಆದುದರಿಂದ ಅದು ಕಾಲವನ್ನು ಹೋಲಿಸುತ್ತದೆ: ಕೆಲವು ಸೆಕೆಂಡುಗಳ ಹಿಂದಿಗಿಂತ ಈಗ ಹೆಚ್ಚೋ, ಕಡಿಮೆಯೋ? ಸುಮಾರು ಒಂದು ಸೆಕೆಂಡು ನೇರ ಈಜು. ಬಳಿಕ ಒಂದು ಲಾಗ. ಲಾಗದ ನಂತರ ಒದಗುವ ದಿಕ್ಕು ಬಹುಮಟ್ಟಿಗೆ ಆಕಸ್ಮಿಕ. ಅಸ್ಪಾರ್ಟೇಟಿನಂಥ ಆಹಾರವು ಹೆಚ್ಚುತ್ತಿದ್ದರೆ ಲಾಗ ತಡವಾಗುತ್ತದೆ, ಈಜು ನೀಳವಾಗುತ್ತದೆ. ಅಸಿಟಿಕ್ ಮೊದಲಾದ ಮೇದಾಮ್ಲಗಳು ಹೆಚ್ಚಿದರೆ ಲಾಗಗಳೇ ಹೆಚ್ಚುತ್ತವೆ. 1972ರಲ್ಲಿ ಬರ್ಗ್ ಮತ್ತು ಬ್ರೌನ್, ಬ್ಯಾಕ್ಟೀರಿಯವನ್ನು ಬೆನ್ನಟ್ಟುವ ಸೂಕ್ಷ್ಮದರ್ಶಕದಿಂದ ಈ ಈಜನ್ನು ಅಳೆದರು. ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲ ಯಾದೃಚ್ಛಿಕ ನಡಿಗೆಯೇ ಇದು, ತುಸು ಒಂದು ಕಡೆಗೆ ವಾಲಿದ್ದು!

ರೈಜೋಬಿಯಂಗಳ ಈಜಿನ ರೀತಿ ಕೊಂಚ ಬೇರೆ. ಆದರೂ ಈಜಲು ಮಣ್ಣಿನ ಕಣಗಳ ನಡುವೆ ನೀರಿನ ಪೊರೆ ಬೇಕೇ ಬೇಕು. ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತಿದ ಹೊಲದಲ್ಲಿ ಹಸಿ ಆರಿದರೆ, ಬೇರು ಎಷ್ಟೇ ಕರೆದರೂ ಅವು ಈಜಿ ಬರಲಾರವು.