ಫೋನು ಕೆಟ್ಟಿಲ್ಲ, ಕಡತ ಸರಿಯಿಲ್ಲ

ಕೊಪ್ಪದ ತಾಯಿಯವರಿಗೆ,

ದೃಷ್ಟಿಯಿಲ್ಲದ ನಿಮ್ಮ ಮಗಳ ಫೋನು ಸುದ್ದಿಯನ್ನೆಲ್ಲ ಸರಾಗವಾಗಿ ಓದಿ ಹೇಳುತ್ತದೆ. ವಿಶ್ವವಿದ್ಯಾನಿಲಯದ ಕನ್ನಡ ನೋಟ್ಸ್ ತೆರೆದರೆ ಮಾತ್ರ ಮೌನವಾಗುತ್ತದೆ, ಇಲ್ಲವೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಒದರುತ್ತದೆ ಎಂದು ಬರೆದಿದ್ದೀರಿ. ಹೊಸ ಫೋನಿಗೆ ಸಾಲ ಮಾಡಬೇಡಿ.

ಮೌನವಾಗುವ ಪಿಡಿಎಫ್ ಬರೀ ಪುಟಗಳ ಫೋಟೊ. ಒದರುವುದು ಯೂನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದದ್ದು. ನಮ್ಮ ಕಣ್ಣಿಗೆ ಅದು ಕನ್ನಡ. ಓದುವ ತಂತ್ರಾಂಶಕ್ಕೆ ಇಂಗ್ಲಿಷ್ ಚಿಹ್ನೆಗಳ ರಾಶಿ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಒತ್ತಕ್ಷರ ಒಮ್ಮೊಮ್ಮೆ ತಪ್ಪುವುದರಿಂದ ಯಾರಾದರೂ ಒಮ್ಮೆ ತಿದ್ದಬೇಕು. ಅದು ವಿಶ್ವವಿದ್ಯಾನಿಲಯದ ಕೆಲಸ, ನಿಮ್ಮದಲ್ಲ.

ಮೊದಲು ಮಗಳು ಪಾಠ ಮಾಡುವವರ ಬಳಿ ಮೂಲ ವರ್ಡ್ ಕಡತ ಕೇಳಲಿ. ಬಹುಪಾಲು ತೊಂದರೆ ಅಲ್ಲೇ ಬಗೆಹರಿಯುವುದನ್ನು ಕಂಡಿದ್ದೇನೆ. ಆಗದಿದ್ದರೆ ಯಾವ ಕಡತ, ಯಾವ ಪುಟ ಎಂದು ಬರೆದು ಕುಲಸಚಿವರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಮನ್ನು ಉಲ್ಲೇಖಿಸಿ. ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. ಕೃತಿಸ್ವಾಮ್ಯದ ನೆಪ ಹೇಳಿದರೆ ಒಪ್ಪಬೇಡಿ: ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಇಂಥ ಪರಿವರ್ತನೆಗೆ ವಿನಾಯಿತಿ ಕೊಟ್ಟಿದೆ.

ಮನೆಯ ಕಂಪ್ಯೂಟರಿಗೆ ಪರದೆ ಓದುವ ತಂತ್ರಾಂಶ ಎನ್‌ವಿಡಿಎ ಹಾಕಿಸಿ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಇರುವ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದಲ್ಲಿ ಅವಳ ಹೆಸರು ನೋಂದಾಯಿಸಿ.

ರಾತ್ರಿ ನೀವೇ ಓದಿ ಹೇಳುತ್ತಿದ್ದೀರಿ ಎಂದಿರಿ. ನಿಮ್ಮ ಪ್ರೀತಿ ದೊಡ್ಡದು. ಆದರೆ ಪರೀಕ್ಷೆಯ ಹಿಂದಿನ ದಿನ ಬೇಕೆಂದ ಪುಟವನ್ನು ತಾನೇ ಹುಡುಕಿ ಓದಿಕೊಳ್ಳುವ ಅವಕಾಶ ಅವಳಿಗೆ ಸಿಗಬೇಕು. ಅರ್ಜಿಯನ್ನು ಅವಳೇ ಬರೆಯಲಿ.