ಹಿಂದಿನ ಕೋಣೆಯ ವೈಫೈ: ಪುಟ್ಟ ಬೋರ್ಡಿನ ಪೂರ್ತಿ ಖರ್ಚು

ಹಜಾರದಲ್ಲಿರುವ ರೂಟರಿನ ವೈಫೈ ಹಿಂದಿನ ಕೋಣೆಗೆ ಮುಟ್ಟದಿದ್ದಾಗ, ಅದನ್ನು ವಿಸ್ತರಿಸುವ ಅಗ್ಗದ ಉಪಾಯವೆಂದು ರಾಸ್ಪ್‌ಬೆರಿ ಪೈಯನ್ನು ಸೂಚಿಸುವವರು ಅನೇಕರಿದ್ದಾರೆ. ಪ್ರೊಸೆಸರ್, ಮೆಮೊರಿ ಎರಡನ್ನೂ ಒಂದೇ ಬೋರ್ಡಿನ ಮೇಲೆ ಕೂರಿಸಿದ ಈ ಅಂಗೈಯಗಲದ ಕಂಪ್ಯೂಟರನ್ನು ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂಬ ಉದ್ದೇಶದಿಂದ ಇಂಗ್ಲೆಂಡಿನ ಕೇಂಬ್ರಿಡ್ಜಿನ ಸಂಸ್ಥೆಯೊಂದು 2012ರಲ್ಲಿ ಹೊರತಂದಿತು. ಆಗಿನ 35 ಡಾಲರ್ ಬೆಲೆ ಜನರ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ; ಆದರೆ ಅದು ಬರಿಯ ಬೋರ್ಡಿನ ಬೆಲೆಯಾಗಿತ್ತು, ಬಳಸಲು ಸಿದ್ಧವಾದ ಸಾಧನದ ಬೆಲೆಯಾಗಿರಲಿಲ್ಲ.

ಇಲ್ಲಿನ ಲೆಕ್ಕಕ್ಕೆ ಆಧಾರ ಲೇಖಕರದೇ ಮನೆ. ಬೆಂಗಳೂರಿನ 30×40 ಅಡಿ ನಿವೇಶನದ ಈ ಮನೆಯಲ್ಲಿ ಫೈಬರ್ ಸಂಪರ್ಕ ಬೀದಿ ಕಡೆಯ ಹಜಾರಕ್ಕೆ ಬಂದು ನಿಲ್ಲುತ್ತದೆ. ಓದುವ ಕೋಣೆ ಹಿತ್ತಲ ಕಡೆಗಿದ್ದು, ನಡುವೆ ಅಡುಗೆಮನೆ, ಬಚ್ಚಲುಮನೆ ಮತ್ತು ಕಾಂಕ್ರೀಟ್ ಮೆಟ್ಟಿಲು ಅಡ್ಡ ಬರುತ್ತವೆ. ವೈಫೈ ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಈ ಮಾನದಲ್ಲಿ 10 ಅಂಕ ಇಳಿದರೆ ಬಲ ಹತ್ತನೆಯ ಒಂದು ಪಾಲಿಗೂ, 3 ಅಂಕ ಇಳಿದರೆ ಅರ್ಧಕ್ಕೂ ಕುಸಿಯುತ್ತದೆ. ಹಜಾರದಲ್ಲಿ ಮೈನಸ್ 45 ಇದ್ದ ಬಲ ಓದುವ ಕೋಣೆಯಲ್ಲಿ ಮೈನಸ್ 78 ಆಗಿತ್ತು, ಅಂದರೆ ಅಲ್ಲಿಗೆ ಬರುತ್ತಿದ್ದದ್ದು ಹಜಾರದ ಸಂಕೇತದ ಸುಮಾರು ಎರಡು ಸಾವಿರದ ಒಂದು ಪಾಲು. ನಷ್ಟವೆಲ್ಲ ಗೋಡೆಗಳಲ್ಲಿ ಆಗುತ್ತಿರುವಾಗ ಹೆಚ್ಚು ವೇಗದ ಪ್ಲಾನಿಗೆ ತಿಂಗಳಿಗೆ 300 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಹೆಚ್ಚಾಗಿ ಕಟ್ಟಿದರೂ ಹಿಂದಿನ ಕೋಣೆಗೆ ಏನೂ ದಕ್ಕುವುದಿಲ್ಲ. ಹೀಗಿದ್ದೂ ಬಹಳಷ್ಟು ಮನೆಗಳಲ್ಲಿ ಮೊದಲು ಮಾಡುವುದು ಅದನ್ನೇ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಆ್ಯಪ್ ಒಂದರಿಂದ ಕೋಣೆ ಕೋಣೆಗೂ ಹೋಗಿ ಸಂಕೇತ ಅಳೆಯುವ ಅಭ್ಯಾಸವನ್ನು ಹಣ ಖರ್ಚು ಮಾಡುವ ಮೊದಲೇ ರೂಢಿಸಿಕೊಳ್ಳಬೇಕು.

ಲೇಖಕರು ಆರಿಸಿಕೊಂಡದ್ದು 2 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈ 4. ಇದನ್ನು ಎರಡು ರೀತಿಯಲ್ಲಿ ಬಳಸಬಹುದು. ಮೊದಲನೆಯದು ರಿಪೀಟರ್, ಅಂದರೆ ರೂಟರಿನ ಸಂಕೇತವನ್ನು ಗಾಳಿಯಲ್ಲೇ ಪಡೆದು ಮತ್ತೆ ಪ್ರಸಾರ ಮಾಡುವ ವಿಧಾನ. ಬೋರ್ಡಿನಲ್ಲಿರುವುದು ಒಂದೇ ರೇಡಿಯೊ ಆದ್ದರಿಂದ ಅದು ಒಂದೇ ಚಾನೆಲ್ಲಿನಲ್ಲಿ ಕೇಳಿ, ಅದೇ ಚಾನೆಲ್ಲಿನಲ್ಲಿ ಹೇಳಬೇಕಾಗುತ್ತದೆ. ಒಂದೇ ಕೊಡ ಹಿಡಿದು ನೀರು ಹೊರುವವರು ತುಂಬಿಸಿಕೊಳ್ಳುವಾಗ ಸುರಿಯಲಾರರು, ಹಾಗೆಯೇ ಇಲ್ಲಿ ವೇಗ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಎರಡನೆಯದು ಆ್ಯಕ್ಸೆಸ್ ಪಾಯಿಂಟ್, ಅಂದರೆ ರೂಟರಿನಿಂದ ಕೇಬಲ್ ಎಳೆದು ಬೋರ್ಡಿಗೆ ಜೋಡಿಸಿ, ಅದರ ವೈಫೈ ಚಿಪ್ಪನ್ನು ಪ್ರಸಾರಕ್ಕಷ್ಟೇ ಬಳಸುವ ವಿಧಾನ. ಹಣ ಹಾಕಲು ಯೋಗ್ಯವಾದದ್ದು ಇದೊಂದೇ.

ಕೇಬಲ್ ಎಳೆಯುವ ಕೆಲಸ ಸರಳವೆನಿಸಿದರೂ ತಾಳ್ಮೆ ಬೇಡುತ್ತದೆ. ತುದಿಗೆ ಹಾಕುವ ಕನೆಕ್ಟರಿನೊಳಗೆ ಎಂಟು ತಂತಿಗಳನ್ನು ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಕೊನೆಯವರೆಗೂ ತಳ್ಳಿ ಕ್ರಿಂಪ್ ಮಾಡಬೇಕು. ಕಂದು ತಂತಿ ಕೂದಲೆಳೆಯಷ್ಟು ಹಿಂದುಳಿದರೂ ಸಂಪರ್ಕ ಸಿಗುತ್ತದೆ, ಆದರೆ 1,000 ಎಂಬಿಪಿಎಸ್ ಬದಲು 100ಕ್ಕೆ ನಿಲ್ಲುತ್ತದೆ, ಏಕೆಂದರೆ ಕಡಿಮೆ ವೇಗಕ್ಕೆ ನಾಲ್ಕು ತಂತಿ ಸಾಕು, ಹೆಚ್ಚಿನ ವೇಗಕ್ಕೆ ಎಂಟೂ ಬೇಕು. ಲೇಖಕರ ಮನೆಯಲ್ಲಿಯೂ ಹೀಗೆಯೇ ಆಗಿ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಬೇಕಾಯಿತು.

ಈಗ ಖರ್ಚಿಗೆ ಬರಬಹುದು. 2024ರ ಬಿಲ್ಲುಗಳ ಪ್ರಕಾರ, ಸ್ವಲ್ಪ ದುಂಡಗೆ ಮಾಡಿ ಹೇಳುವುದಾದರೆ, ಬೋರ್ಡಿಗೆ 4,600, ಅಡಾಪ್ಟರಿಗೆ 750, ಮೆಮೊರಿ ಕಾರ್ಡಿಗೆ 450, ಡಬ್ಬಿಗೆ 400, ಒಟ್ಟು 6,200 ರೂಪಾಯಿ. 25 ಮೀಟರ್ ಕೇಬಲ್, ಕನೆಕ್ಟರ್, ಗೋಡೆಯ ಪಟ್ಟಿ ಸೇರಿ 800. ಹಗಲಿರುಳೂ ನಡೆಯುವ ಕಾರ್ಡು ಐದು ವರ್ಷದಲ್ಲಿ ಒಮ್ಮೆಯಾದರೂ ಕೆಡುತ್ತದೆಂದು ಹಿಡಿದರೆ ಇನ್ನೊಂದು 450. ಬೋರ್ಡು ಸರಾಸರಿ 4 ವಾಟ್ ವಿದ್ಯುತ್ ಬಳಸಿದರೆ ದಿನಕ್ಕೆ 96 ವಾಟ್-ಗಂಟೆ, ವರ್ಷಕ್ಕೆ 35 ಯೂನಿಟ್, ಐದು ವರ್ಷಕ್ಕೆ 175 ಯೂನಿಟ್; ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿಯಂತೆ 1,225. ಎಲ್ಲವನ್ನೂ ಕೂಡಿಸಿದರೆ 8,675 ರೂಪಾಯಿ. (ಕರ್ನಾಟಕದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ, ಆ ಅಂಚಿನಲ್ಲಿರುವ ಮನೆಗಳಿಗೆ ತಿಂಗಳ 3 ಯೂನಿಟ್ ಕೂಡ ಸಣ್ಣದಲ್ಲ.)

ಇದೇ ಕೇಬಲ್ಲಿನ ತುದಿಗೆ 2,000 ರೂಪಾಯಿಯ ಸಾಮಾನ್ಯ ರೂಟರ್ ಒಂದನ್ನು ಆ್ಯಕ್ಸೆಸ್ ಪಾಯಿಂಟ್ ಆಗಿ ಜೋಡಿಸಿದರೆ ಹೇಗೆ? ಅದು 6 ವಾಟ್ ಬಳಸುತ್ತದೆಂದು ಹಿಡಿದರೂ ಐದು ವರ್ಷದ ವಿದ್ಯುತ್ತಿಗೆ 1,840, ಕೇಬಲ್ಲಿಗೆ 800, ಒಟ್ಟು 4,640. ವ್ಯತ್ಯಾಸ 4,035 ರೂಪಾಯಿ, ತಿಂಗಳಿಗೆ 67. ಇಷ್ಟು ಹೆಚ್ಚು ಕೊಟ್ಟರೂ ದೊರೆಯುವ ವೈಫೈ ಹೆಚ್ಚು ಶಕ್ತವಾದದ್ದೇನಲ್ಲ, ಏಕೆಂದರೆ ಬೋರ್ಡಿನ ಮೇಲಿರುವುದು ಒಂದು ಪುಟ್ಟ ಆಂಟೆನಾ, ರೂಟರಿಗೆ ಹೊರಚಾಚಿದ ಹಲವು. ಬೋರ್ಡಿನಿಂದಲೇ ಜಾಹೀರಾತು ತಡೆಯುವ, ಮನೆಯ ಫೋಟೊಗಳ ಪ್ರತಿ ಕಾಯ್ದಿಡುವ ಕೆಲಸವನ್ನೂ ಮಾಡಿಸುವವರಿಗೆ ತಿಂಗಳಿಗೆ 67 ರೂಪಾಯಿ ಹೊರೆಯಲ್ಲ, ಲೇಖಕರ ಮನೆಯಲ್ಲಿ ಅದು ಉಳಿದಿರುವುದು ಈ ಕಾರಣಕ್ಕೇ. ಇನ್ನು ಬೋರ್ಡು ಮೊದಲೇ ಮೇಜಿನ ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿದ್ದರೆ 4,600 ಲೆಕ್ಕದಿಂದ ಕಳೆದು ಖರ್ಚು 4,075ಕ್ಕಿಳಿಯುತ್ತದೆ, ಆಗ ಅದು ಹೊಸ ರೂಟರಿಗಿಂತಲೂ ಅಗ್ಗ.

ಗೋಡೆಯ ಸಾಕೆಟ್ಟಿಗೆ ಚುಚ್ಚುವ ‘ಬೂಸ್ಟರ್’ಗಳನ್ನು ಮಾತ್ರ ಯಾವ ಲೆಕ್ಕದಲ್ಲೂ ಸಮರ್ಥಿಸಲಾಗದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುವ 1200 ಎಂಬ ಸಂಖ್ಯೆ 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 867 ಎಂಬ ಎರಡು ಕಾಗದದ ವೇಗಗಳನ್ನು ಕೂಡಿಸಿ ದುಂಡಗೆ ಮಾಡಿದ್ದಷ್ಟೇ. ಒಂದು ಮೊಬೈಲಿಗೆ ಆ ವೇಗ ಎಂದೂ ಸಿಗುವುದಿಲ್ಲ. ಸಂಕೇತ ಸೊರಗಿದ ಕೋಣೆಯಲ್ಲೇ ಅದನ್ನು ಚುಚ್ಚಿದರೆ, ಸೊರಗಿದ್ದನ್ನೇ ಅದು ಮತ್ತೆ ಪ್ರಸಾರ ಮಾಡುತ್ತದೆ. ಇಂಟರ್ನೆಟ್ ವೇಗವನ್ನು ಇಮ್ಮಡಿಗೊಳಿಸುತ್ತದೆಂದು ಇವುಗಳನ್ನು ಮಾರುವುದು ಗ್ರಾಹಕರಿಗೆ ಮಾಡುವ ಅನ್ಯಾಯ.

ಅಂಗಡಿಗೆ ಹೋಗುವ ಮೊದಲು ಅಟ್ಟವನ್ನು ನೋಡಬೇಕು. ಸೇವಾದಾರರನ್ನು ಬದಲಿಸಿದ ಮನೆಗಳಲ್ಲಿ ಹಳೆಯ ರೂಟರ್ ಒಂದು ಅಲ್ಲಿ ಉಳಿದಿರುವುದು ಸಾಮಾನ್ಯ. ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಸೌಲಭ್ಯವನ್ನು ಅದರಲ್ಲಿ ಆಫ್ ಮಾಡಿ, ಹಜಾರದ ವೈಫೈನ ಹೆಸರು ಮತ್ತು ಪಾಸ್‌ವರ್ಡ್‌ಗಳನ್ನೇ ಕೊಟ್ಟು, ಚಾನೆಲ್ ಮಾತ್ರ ಬೇರೆ ಮಾಡಿ, ಕೇಬಲ್ಲನ್ನು ಅದರ ಲ್ಯಾನ್ ಕಿಂಡಿಗೆ ಹಾಕಿದರೆ ಸಾಕು. 100 ಎಂಬಿಪಿಎಸ್ ಪ್ಲಾನಿನ ಮನೆಗೆ ಇದಕ್ಕಿಂತ ಮಿಗಿಲಾದ ಹೂಡಿಕೆ ಇಲ್ಲ: ಐದು ವರ್ಷದ ಖರ್ಚು ವಿದ್ಯುತ್ ಸೇರಿ 2,640 ರೂಪಾಯಿ, ಅದರಲ್ಲಿ ಈಗ ಕೈಯಿಂದ ಕೊಡಬೇಕಾದದ್ದು ಕೇಬಲ್ಲಿನ 800.